ಸಿಯೋಲ್‌ನಲ್ಲಿ ಒಬ್ಬರೇ ಕಳೆಯುವ ಮೊದಲ ದಿನ: ಸಮಗ್ರ ಮಾರ್ಗದರ್ಶಿ

ಸಿಯೋಲ್‌ಗೆ ಮೊದಲ ಸಲ ಹೊರಟವರು ಮಾಡಿಕೊಳ್ಳುವ ಪಟ್ಟಿ ನೋಡಿದರೆ ನೋಡಿದವರಿಗೇ ಸುಸ್ತಾಗುತ್ತದೆ. ಬೆಳಿಗ್ಗೆ ಅರಮನೆ, ಹನ್ನೊಂದಕ್ಕೆ ಗಂಗ್ನಮ್, ಮಧ್ಯಾಹ್ನ ಲೊಟ್ಟೆ ಟವರ್, ಸಂಜೆ ನಮ್ಸಾನ್ ಗುಡ್ಡ, ರಾತ್ರಿ ಹೊಂಗ್‌ದೇ. ಮೊಬೈಲ್ ಪರದೆಯ ಮೇಲೆ ಇವೆಲ್ಲ ಗೇಣಿನಳತೆಯಲ್ಲಿ ಕಾಣುತ್ತವೆ. ಹೊರಟ ಮೇಲೆ ಅರ್ಧ ದಿನ ನೆಲದಡಿಯ ರೈಲಿನಲ್ಲೇ ಕಳೆದುಹೋಗುತ್ತದೆ. ಜೊತೆಗೊಬ್ಬರಿದ್ದರೆ ಹರಟೆಯಲ್ಲಿ ಅದು ಗೊತ್ತಾಗದು. ಒಬ್ಬರೇ ಇದ್ದಾಗ ದಾರಿ ಹುಡುಕುವುದೂ ನಾವೇ, ಬ್ಯಾಗ್ ಹೊರುವುದೂ ನಾವೇ, ಊಟಕ್ಕೇನು ಎಂದು ತಲೆ ಕೆಡಿಸಿಕೊಳ್ಳುವುದೂ ನಾವೇ.

ಅದಕ್ಕೇ ನಾನು ಹೇಳುವುದು: ಮೊದಲ ದಿನ ಊರನ್ನು ಇಬ್ಭಾಗ ಮಾಡುವ ಹಾನ್ ನದಿ ದಾಟಬೇಡಿ. ಜೋಸನ್ ರಾಜರ ಕಾಲದಲ್ಲಿ ಕೋಟೆಯೊಳಗಿದ್ದ ಹಳೆಯ ಊರಿನಲ್ಲೇ, ಪಶ್ಚಿಮದ ಅರಮನೆಯಿಂದ ಪೂರ್ವದ ಕೋಟೆ ಬಾಗಿಲಿನವರೆಗೆ ನಡೆಯಿರಿ. ಅಡ್ಡಾಟವೆಲ್ಲ ಸೇರಿ ಎಂಟು-ಹತ್ತು ಕಿಲೋಮೀಟರ್ ಆದೀತು. ಎಲ್ಲಿ ಕಾಲು ಸೋತರೂ ಹತ್ತು-ಹದಿನೈದು ನಿಮಿಷದೊಳಗೆ ಮೆಟ್ರೋ ನಿಲ್ದಾಣ ಸಿಗುತ್ತದೆ, ಕೋಣೆ ಒಂದೆರಡು ನಿಲ್ದಾಣ ದೂರದಲ್ಲಿರುತ್ತದೆ. ಊರಿನ ರೈಲು, ನಕ್ಷೆ, ಊಟದ ರೀತಿ ಇವು ಮೂರೂ ಅಷ್ಟರಲ್ಲಿ ಕೈಗೆ ಹತ್ತಿದರೆ ಉಳಿದ ದಿನಗಳು ಸಲೀಸು.

ಊರು ಬಿಡುವ ಮುಂಚೆ

ಭಾರತದ ಪಾಸ್‌ಪೋರ್ಟ್‌ಗೆ ಮುಂಚಿತವಾಗಿ ವೀಸಾ ಬೇಕೇ ಬೇಕು, ಅಲ್ಲಿಗೆ ಹೋಗಿ ಪಡೆಯುತ್ತೇನೆ ಎಂದರೆ ಆಗದು. ಇಳಿಯುವ ಮುಂಚಿನ ಮೂರು ದಿನದೊಳಗೆ ಇ-ಅರೈವಲ್ ಕಾರ್ಡ್ ಆನ್‌ಲೈನ್‌ನಲ್ಲಿ ತುಂಬಿಬಿಡಿ. ಅದು ಉಚಿತ. ದುಡ್ಡು ಕೇಳುವ ವೆಬ್‌ಸೈಟ್ ಕಂಡರೆ ಅದು ಸರ್ಕಾರದ್ದಲ್ಲ ಎಂದೇ ತಿಳಿಯಿರಿ.

ಮೊಬೈಲ್‌ಗೆ ಎರಡು ಆ್ಯಪ್ ಬೇಕು. ಮೊದಲನೆಯದು ನೇವರ್ ಮ್ಯಾಪ್. ಗೂಗಲ್ ಮ್ಯಾಪ್ಸ್ ನಂಬಿ ಹೋದವರು ಕೊರಿಯಾದಲ್ಲಿ ಪೇಚಿಗೆ ಸಿಕ್ಕಿಕೊಳ್ಳುವುದು ಹೊಸದೇನಲ್ಲ. ದೇಶದ ಸೂಕ್ಷ್ಮ ನಕ್ಷೆಯ ಮಾಹಿತಿಯನ್ನು ಹೊರಗೆ ಒಯ್ಯಲು ಗೂಗಲ್ 2007ರಲ್ಲೂ 2016ರಲ್ಲೂ ಕೇಳಿದಾಗ, ಉತ್ತರ ಕೊರಿಯಾ ಪಕ್ಕದಲ್ಲಿರುವ ಭದ್ರತೆಯ ಕಾರಣ ಕೊಟ್ಟು ಸರ್ಕಾರ ಒಪ್ಪಲಿಲ್ಲ. ನಡಿಗೆಯ ದಾರಿ ತೋರಿಸುವುದರಲ್ಲಿ ಅದು ಅಲ್ಲಿ ವರ್ಷಗಟ್ಟಲೆ ಹಿಂದೆ ಬಿದ್ದದ್ದು ಹೀಗೆ. ನೇವರ್ ಮ್ಯಾಪ್ ಇಂಗ್ಲಿಷ್‌ನಲ್ಲೂ ಇದೆ, ಮೆಟ್ರೋದಲ್ಲಿ ಯಾವ ಬೋಗಿ ಹತ್ತಿದರೆ ಲೈನ್ ಬದಲಿಸಲು ಹತ್ತಿರ ಎಂಬುದನ್ನೂ ಹೇಳುತ್ತದೆ. ಹೋಗಬೇಕಾದ ಜಾಗಗಳನ್ನು ಊರಲ್ಲೇ ಕೂತು ಹುಡುಕಿ ಗುರುತು ಹಾಕಿಡಿ. ಅಲ್ಲಿ ನಿಂತು ಇಂಗ್ಲಿಷ್ ಕಾಗುಣಿತ ತಪ್ಪು ಹೊಡೆಯುತ್ತ ಪರದಾಡುವುದು ತಪ್ಪುತ್ತದೆ. ಎರಡನೆಯದು ಪಾಪಾಗೋ, ಅನುವಾದಕ್ಕೆ. ಮೆನು ಪಟ್ಟಿಯ ಫೋಟೋ ತೆಗೆದರೆ ಓದಿ ಹೇಳುತ್ತದೆ.

ದುಡ್ಡು: 1,000 ವೋನ್ ಎಂದರೆ ಸುಮಾರು 60-65 ರೂಪಾಯಿ. ಕಾರ್ಡ್ ಎಲ್ಲೆಡೆ ನಡೆಯುತ್ತದೆ. ನಿಮ್ಮ ಬ್ಯಾಂಕ್ ಆ್ಯಪ್‌ನಲ್ಲಿ ಅಂತರರಾಷ್ಟ್ರೀಯ ಬಳಕೆಯನ್ನು ಚಾಲೂ ಮಾಡಿಕೊಂಡು ಹೊರಡಿ. ಮಾರುಕಟ್ಟೆ ಅಂಗಡಿಗಳಿಗೆ ಮತ್ತು ಮೆಟ್ರೋ ಕಾರ್ಡ್ ತುಂಬಿಸಲು ನಗದು ಬೇಕಾಗಬಹುದಾದ್ದರಿಂದ ಮೊದಲ ದಿನಕ್ಕೆ ಒಟ್ಟು 50,000 ವೋನ್ ನಗದಾಗಿರಲಿ.

ವಿದ್ಯುತ್ 220 ವೋಲ್ಟ್, ದುಂಡನೆಯ ಎರಡು ಕಾಲಿನ ಪ್ಲಗ್. ನಮ್ಮ ಎರಡು ಪಿನ್ನಿನ ಮೊಬೈಲ್ ಚಾರ್ಜರ್ ತುಸು ಸಡಿಲವಾಗಿಯಾದರೂ ಕೂರುತ್ತದೆ. ಮೂರು ಪಿನ್ನಿನ ಲ್ಯಾಪ್‌ಟಾಪ್ ಪ್ಲಗ್ ಕೂರುವುದಿಲ್ಲ, ಅಡಾಪ್ಟರ್ ಒಯ್ಯಿರಿ. ಸಸ್ಯಾಹಾರಿಯಾಗಿದ್ದರೆ ಚಟ್ನಿಪುಡಿಯ ಒಂದು ಪೊಟ್ಟಣವೂ ಇರಲಿ, ಯಾಕೆಂದು ಮುಂದೆ ಹೇಳುತ್ತೇನೆ. ಹಣ್ಣು, ಮಾಂಸದ ಪದಾರ್ಥ ಮಾತ್ರ ಬೇಡ, ಕಸ್ಟಮ್ಸ್‌ನವರು ಬಿಡುವುದಿಲ್ಲ.

ದಿನಾಂಕ ಆರಿಸುವಾಗ ಸೊಲ್ಲಾಲ್ (ಚಾಂದ್ರಮಾನ ಹೊಸವರ್ಷ), ಚುಸೊಕ್ (ಸುಗ್ಗಿ) ಹಬ್ಬಗಳು ಯಾವಾಗ ಎಂದು ನೋಡಿಕೊಳ್ಳಿ. ಆಗ ಜನ ಊರುಗಳಿಗೆ ಹೋಗಿರುತ್ತಾರೆ, ಚಿಕ್ಕ ಹೋಟೆಲುಗಳು ಬಾಗಿಲು ಹಾಕಿರುತ್ತವೆ. ಜೂನ್ ಕೊನೆಯಿಂದ ಜುಲೈ ಪೂರ್ತಿ ಮಳೆ. ನಡೆಯಲೆಂದೇ ಹೋಗುವುದಾದರೆ ಏಪ್ರಿಲ್ ಅಥವಾ ಅಕ್ಟೋಬರ್‌ಗೆ ನನ್ನ ಮತ.

ವಿಮಾನ ನಿಲ್ದಾಣದಿಂದ ಕೋಣೆಗೆ

ಕೋಣೆಯನ್ನು ಜೊಂಗ್ನೊ 3-ಗಾ ಅಥವಾ ಅಂಗುಕ್ ನಿಲ್ದಾಣದ ಸುತ್ತ ಹಿಡಿಯಿರಿ. ಮ್ಯೊಂಗ್‌ದೊಂಗ್ ಕಡೆ ಹೋಟೆಲುಗಳು ಹೆಚ್ಚು, ಗದ್ದಲವೂ ಹೆಚ್ಚು. ಜೊಂಗ್ನೊ 3-ಗಾದಲ್ಲಿ 1, 3 ಮತ್ತು 5ನೇ ಲೈನ್ ಮೂರೂ ಕೂಡುತ್ತವೆ, ನಮ್ಮ ದಿನವಿಡೀ ನಡಿಗೆಗೆ ಅದೇ ನಡುಮಧ್ಯ. ಹಾನೋಕ್ ಎಂಬ ಹಳೆಯ ಮಾದರಿಯ ಮನೆಯಲ್ಲಿ ಉಳಿದರೆ ನೆಲದ ಮೇಲೆ ಹಾಸಿಗೆ, ಚಳಿಗಾಲದಲ್ಲಿ ನೆಲವೇ ಬೆಚ್ಚಗಿರುತ್ತದೆ. ಚಪ್ಪಲಿ ಹೊಸ್ತಿಲಲ್ಲೇ ಬಿಡಬೇಕು, ನಮಗದು ಯಾರೂ ಹೇಳಿಕೊಡಬೇಕಾದ್ದಲ್ಲ.

ಇಂಚಿಯೋನ್ ವಿಮಾನ ನಿಲ್ದಾಣದಲ್ಲಿ ಇಳಿದೊಡನೆ ಸಿಯು, ಜಿಎಸ್25ನಂಥ ದಿನಸಿ ಅಂಗಡಿಯಲ್ಲಿ ಮೆಟ್ರೋಗೂ ಬಸ್ಸಿಗೂ ನಡೆಯುವ ಟಿ-ಮನಿ ಕಾರ್ಡ್ ಕೊಳ್ಳಿ. ಕಾರ್ಡ್‌ಗೆ ನಾಲ್ಕೈದು ಸಾವಿರ ವೋನ್ ಒಳಗಾದೀತು. ಅದಕ್ಕೆ 15,000 ವೋನ್ ತುಂಬಿಸಿ ಎಂದರೆ ಸಾಕು. ಪ್ರವಾಸಿಗರಿಗಾಗಿ ಕ್ಲೈಮೇಟ್ ಕಾರ್ಡ್ ಎಂಬ ದಿನದ ಪಾಸೂ ಇದೆ, ಒಂದು ದಿನಕ್ಕೆ 5,000 ವೋನ್. ಮೆಟ್ರೋ ಕನಿಷ್ಠ ದರ 1,550 ವೋನ್ ಆಗಿರುವುದರಿಂದ ದಿನಕ್ಕೆ ನಾಲ್ಕು ಸಲ ಹತ್ತಿದರೆ ಮಾತ್ರ ಪಾಸ್ ಲಾಭ. ನಡೆಯುವ ದಿನಕ್ಕೆ ಟಿ-ಮನಿಯೇ ಸರಿ.

ನಿಲ್ದಾಣದಿಂದ ಊರಿಗೆ ಏರೆಕ್ಸ್ ರೈಲು ಇದೆ. ಎಲ್ಲೂ ನಿಲ್ಲದ ಎಕ್ಸ್‌ಪ್ರೆಸ್ ಒಂದನೇ ಟರ್ಮಿನಲ್‌ನಿಂದ 43 ನಿಮಿಷದಲ್ಲಿ ಸಿಯೋಲ್ ಸ್ಟೇಷನ್ ಮುಟ್ಟಿಸುತ್ತದೆ, ಅದಕ್ಕೆ ಬೇರೆ ಟಿಕೆಟ್. ಎಲ್ಲ ಕಡೆ ನಿಲ್ಲುವ ರೈಲಿಗೆ ಒಂದು ಗಂಟೆ ಹಿಡಿಯುತ್ತದೆ, ಟಿ-ಮನಿ ಸಾಕು, ದುಡ್ಡು ಅರ್ಧಕ್ಕಿಂತ ಕಡಿಮೆ. ಹದಿನೈದಿಪ್ಪತ್ತು ನಿಮಿಷ ಉಳಿಸಲು ದುಪ್ಪಟ್ಟು ಕೊಡುವುದು ನನಗೆ ಒಪ್ಪದ ಮಾತು. ಸಿಯೋಲ್ ಸ್ಟೇಷನ್‌ನಲ್ಲಿ ಏರೆಕ್ಸ್ ನಿಲ್ಲುವುದು ನೆಲದಡಿಯ ಏಳನೇ ಅಂತಸ್ತಿನಲ್ಲಿ. ಎಸ್ಕಲೇಟರ್ ಮೇಲೆ ಎಸ್ಕಲೇಟರ್ ಹತ್ತಿ 1ನೇ ಲೈನ್ ಹಿಡಿಯಬೇಕು. ಅಲ್ಲಿಂದ ಮೂರನೆಯ ನಿಲ್ದಾಣ ಜೊಂಗ್ನೊ 3-ಗಾ.

ಮೆಟ್ರೋ ಬಗ್ಗೆ ನಾಲ್ಕು ಮಾತು. ನಮ್ಮ ಮೆಟ್ರೋದಲ್ಲಿರುವಂತೆ ಬ್ಯಾಗ್ ತಪಾಸಣೆ ಇಲ್ಲ, ನೇರ ಒಳಗೆ. ಹತ್ತುವಾಗಲೂ ಇಳಿಯುವಾಗಲೂ ಕಾರ್ಡ್ ತಾಗಿಸಬೇಕು, ಬಸ್ಸಿನಲ್ಲೂ. ಇಳಿದು ಅರ್ಧ ಗಂಟೆಯೊಳಗೆ ಬಸ್ ಹಿಡಿದರೆ ಎರಡನ್ನೂ ಒಂದೇ ಪ್ರಯಾಣವೆಂದು ಲೆಕ್ಕ ಹಾಕುತ್ತಾರೆ. ತಪ್ಪು ದಿಕ್ಕಿನ ಪ್ಲಾಟ್‌ಫಾರ್ಮ್‌ಗೆ ಹೋದರೆ ಗಾಬರಿ ಬೇಡ: 15 ನಿಮಿಷದೊಳಗೆ ಅದೇ ನಿಲ್ದಾಣದ ಅದೇ ಲೈನ್‌ಗೆ ಮತ್ತೆ ಒಳಹೋದರೆ ದುಡ್ಡು ಕಡಿಯುವುದಿಲ್ಲ. ಬೋಗಿಯ ತುದಿಯ ಸೀಟುಗಳು ಹಿರಿಯರಿಗೆ, ಗುಲಾಬಿ ಬಣ್ಣದವು ಗರ್ಭಿಣಿಯರಿಗೆ. ಖಾಲಿ ಇದ್ದರೂ ಯಾರೂ ಕೂರುವುದಿಲ್ಲ, ನೀವೂ ಕೂರಬೇಡಿ. ಫೋನಿನಲ್ಲಿ ಜೋರಾಗಿ ಮಾತಾಡಿದರೆ ಇಡೀ ಬೋಗಿ ತಿರುಗಿ ನೋಡುತ್ತದೆ.

ಹೆಜ್ಜೆ 1: ಎಂಟೂವರೆಗೆ, ಚೌಕದಿಂದ ಆರಂಭ

ಜೊಂಗ್ನೊ 3-ಗಾದಿಂದ 5ನೇ ಲೈನ್‌ನಲ್ಲಿ ಬಾಂಗ್‌ಹ್ವಾ ಕಡೆಯ ರೈಲು ಹತ್ತಿ ಒಂದೇ ನಿಲ್ದಾಣ, ಗ್ವಾಂಗ್‌ಹ್ವಾಮುನ್. 9ನೇ ನಿರ್ಗಮನ ಹಿಡಿಯಿರಿ. ಸಿಯೋಲ್‌ನಲ್ಲಿ ವಿಳಾಸಕ್ಕಿಂತ ನಿರ್ಗಮನದ ಸಂಖ್ಯೆ ಮುಖ್ಯ. ಜನ ಭೇಟಿಗೆ ಗೊತ್ತುಮಾಡುವುದೂ ಅದರ ಮೇಲೆಯೇ. ತಪ್ಪು ಬಾಗಿಲಲ್ಲಿ ಹೊರಬಿದ್ದರೆ ಅಗಲ ರಸ್ತೆಯ ಆಚೆ ಉಳಿಯುತ್ತೀರಿ.

ಮೇಲೆ ಬಂದರೆ ಚೌಕದ ನಡುವೆ ಹೊನ್ನಿನ ಬಣ್ಣದ ಸೆಜೊಂಗ್ ರಾಜ ಕೂತಿದ್ದಾನೆ. ಸ್ವಲ್ಪ ದಕ್ಷಿಣಕ್ಕೆ ಕತ್ತಿ ಹಿಡಿದು ನಿಂತವನು 1592ರ ಜಪಾನಿ ದಾಳಿಯನ್ನು ಸಮುದ್ರದಲ್ಲಿ ತಡೆದ ಸೇನಾನಿ ಯಿ ಸುನ್‌ಸಿನ್. ಇಬ್ಬರೂ ನಿಮ್ಮ ಜೇಬಿನಲ್ಲೂ ಇದ್ದಾರೆ: 10,000 ವೋನ್ ನೋಟಿನ ಮೇಲೆ ರಾಜ, 100 ವೋನ್ ನಾಣ್ಯದ ಮೇಲೆ ಸೇನಾನಿ.

ಸೆಜೊಂಗ್ 1443ರಲ್ಲಿ ರೂಪಿಸಿ 1446ರಲ್ಲಿ ಜನರ ಮುಂದಿಟ್ಟ ಹಾಂಗುಲ್ ಲಿಪಿಯನ್ನು ವಿಮಾನದಲ್ಲಿ ಕೂತೇ ಕಲಿತುಬಿಡಬಹುದು. 14 ವ್ಯಂಜನ, 10 ಸ್ವರ. ವ್ಯಂಜನಕ್ಕೆ ಸ್ವರ ಸೇರಿಸಿ ಒಂದು ಅಕ್ಷರದ ಗೂಡು ಕಟ್ಟುವುದು, ನಾವು ಒಂದನೇ ತರಗತಿಯಲ್ಲಿ ಕಾಗುಣಿತ ಬರೆದ ಹಾಗೆ. ಇಂಗ್ಲಿಷ್ ಮಾತ್ರ ಬಲ್ಲವರಿಗಿಂತ ಕನ್ನಡದವರಿಗೆ ಇದು ಬೇಗ ಒಲಿಯುತ್ತದೆ. ಅರ್ಥ ಗೊತ್ತಿಲ್ಲದಿದ್ದರೂ ಬಸ್ಸಿನ ಫಲಕ, ಅಂಗಡಿ ಹೆಸರು ಓದಲು ಬಂದರೆ ಧೈರ್ಯ ದುಪ್ಪಟ್ಟಾಗುತ್ತದೆ.

ಹೆಜ್ಜೆ 2: ಗ್ಯೊಂಗ್‌ಬೊಕ್‌ಗುಂಗ್ ಅರಮನೆ

ಬಾಗಿಲು ತೆರೆಯುವುದು 9 ಗಂಟೆಗೆ, ಟಿಕೆಟ್ 3,000 ವೋನ್, ಮಂಗಳವಾರ ರಜೆ. ನಿಮ್ಮ ಮೊದಲ ದಿನ ಮಂಗಳವಾರವೇ ಆದರೆ ಪಕ್ಕದ ಚಾಂಗ್‌ದೊಕ್‌ಗುಂಗ್ ಅರಮನೆಗೆ ಹೋಗಿ, ಅದಕ್ಕೆ ಸೋಮವಾರ ರಜೆ. ಕಾವಲುಗಾರರು ಪಾಳಿ ಬದಲಿಸುವ ಆಟ ಹತ್ತಕ್ಕೂ ಎರಡಕ್ಕೂ ಮುಂಬಾಗಿಲ ಬಳಿ ನಡೆಯುತ್ತದೆ. ಚೆನ್ನಾಗಿರುತ್ತದೆ, ಆದರೆ ಹತ್ತರ ಹೊತ್ತಿಗೆ ಪ್ರವಾಸಿ ಬಸ್ಸುಗಳೂ ಬಂದಿಳಿದಿರುತ್ತವೆ. ಒಂಬತ್ತಕ್ಕೆ ಒಳಹೋದರೆ ಸಿಂಹಾಸನದ ಅಂಗಳ ಬಹುಮಟ್ಟಿಗೆ ಖಾಲಿ. ಎರಡರಲ್ಲಿ ಒಂದನ್ನು ಆರಿಸು ಎಂದರೆ ನಾನು ಖಾಲಿ ಅಂಗಳವನ್ನೇ ಆರಿಸುತ್ತೇನೆ.

ಕೊರಿಯಾದ ಸಾಂಪ್ರದಾಯಿಕ ಉಡುಪಾದ ಹಾನ್‌ಬೊಕ್ ಉಟ್ಟವರಿಗೆ ಟಿಕೆಟ್ ಇಲ್ಲ. ಸುತ್ತಲಿನ ಬೀದಿಗಳಲ್ಲಿ ಬಾಡಿಗೆಗೆ ಕೊಡುವ ಅಂಗಡಿಗಳು ಸಾಲುಸಾಲು. ಮೂರು ಸಾವಿರ ಉಳಿಸಲು ಅದರ ಹಲವು ಪಟ್ಟು ಬಾಡಿಗೆ ಕೊಡುವುದು ಲೆಕ್ಕಕ್ಕೆ ಕೂರುವುದಿಲ್ಲ, ಫೋಟೋದ ಆಸೆ ಇದ್ದರೆ ಮಾತ್ರ. ಒಬ್ಬರೇ ಇದ್ದರೆ ಫೋಟೋ ತೆಗೆಯಲು ಅಲ್ಲಿ ಓಡಾಡುವ ಕೊರಿಯನ್ ಹುಡುಗ ಹುಡುಗಿಯರನ್ನು ಕೇಳಿ, ನೆಲಕ್ಕೆ ಕೂತು ಕೋನ ಹುಡುಕಿ ತೆಗೆದುಕೊಡುತ್ತಾರೆ. (ಸೀರೆಗೆ ರಿಯಾಯಿತಿ ಇಲ್ಲ, ಮೆಚ್ಚುಗೆ ಮಾತ್ರ ಧಾರಾಳ.)

1395ರಲ್ಲಿ ಕಟ್ಟಿದ ಅರಮನೆ ಇದು. 1592ರ ಯುದ್ಧದಲ್ಲಿ ಸುಟ್ಟು, ಎರಡೂವರೆ ಶತಮಾನಕ್ಕೂ ಹೆಚ್ಚು ಕಾಲ ಪಾಳುಬಿದ್ದು, 1867ರಲ್ಲಿ ಮತ್ತೆ ಎದ್ದಿತು. ಜಪಾನ್ ಆಳಿದ ಕಾಲದಲ್ಲಿ ಕಟ್ಟಡಗಳನ್ನು ಕೆಡವಿ, ಅರಮನೆಯ ಮುಂದೆಯೇ ವಸಾಹತು ಸರ್ಕಾರದ ಕಚೇರಿ ಎಬ್ಬಿಸಿದರು. ಆ ಕಟ್ಟಡವನ್ನು ಒಡೆಯಲು ಶುರುಮಾಡಿದ್ದು 1995ರಲ್ಲಿ. ಮುಂಬಾಗಿಲ ಎದುರಿನ ಕಲ್ಲಿನ ಜಗಲಿಯನ್ನು ಮರಳಿ ಕಟ್ಟಿ, ಕಪ್ಪು ಹಲಗೆಗೆ ಹೊನ್ನಿನ ಅಕ್ಷರದ ಹೊಸ ಫಲಕ ಏರಿಸಿದ್ದು 2023ರ ಅಕ್ಟೋಬರ್‌ನಲ್ಲಿ. ಈ ಅರಮನೆ ಇನ್ನೂ ಕಟ್ಟುತ್ತಲೇ ಇರುವ ಕೆಲಸ. ಹಾಗಾಗಿ ಹೊಸ ಬಣ್ಣ ಕಂಡು ಇದು ನಕಲಿ ಎಂದು ಮೂಗು ಮುರಿಯುವ ಮುಂಚೆ ಈ ಕಥೆ ನೆನಪಿರಲಿ.

ಸಿಂಹಾಸನದ ಮಂಟಪ ಗುನ್‌ಜೊಂಗ್‌ಜೊನ್‌ನ ಅಂಗಳದಲ್ಲಿ ಮೊದಲು ಕಾಲಡಿ ನೋಡಿ. ಚಪ್ಪಡಿಗಳನ್ನು ನುಣುಪು ಮಾಡದೆ ಒರಟಾಗಿಯೇ ಬಿಟ್ಟಿದ್ದಾರೆ, ಬಿಸಿಲು ಕಣ್ಣಿಗೆ ಹೊಡೆಯದಿರಲೆಂದು. ಅಲ್ಲಲ್ಲಿ ಕಲ್ಲಿಗೆ ಕಬ್ಬಿಣದ ಬಳೆ ಹೂತಿದ್ದಾರೆ, ಸಮಾರಂಭದಲ್ಲಿ ಚಪ್ಪರದ ಹಗ್ಗ ಕಟ್ಟಲು. ಎರಡೂ ಬದಿಯ ಚಿಕ್ಕ ಕಲ್ಲುಗಂಬಗಳ ಮೇಲೆ ಅಧಿಕಾರಿಗಳ ದರ್ಜೆ ಕೊರೆದಿದೆ, ಯಾರು ಎಲ್ಲಿ ನಿಲ್ಲಬೇಕೆಂದು. ಮಂಟಪದ ಒಳಗೆ ಹೋಗಲು ಬಿಡುವುದಿಲ್ಲ. ಎಲ್ಲರೂ ನಡುಬಾಗಿಲಲ್ಲಿ ನೂಕಾಡುತ್ತಾರೆ. ನೀವು ಪಕ್ಕದ ಬಾಗಿಲಿಗೆ ಹೋಗಿ ಕತ್ತು ಎತ್ತಿ. ಚಾವಣಿಯಲ್ಲಿ ಹೊನ್ನಿನ ಎರಡು ಡ್ರ್ಯಾಗನ್‌ಗಳಿವೆ, ಕಾಲಿಗೆ ಏಳೇಳು ಉಗುರು.

ನಂತರ ಕೊಳದ ನಡುವೆ 48 ಕಲ್ಲುಕಂಬಗಳ ಮೇಲೆ ನಿಂತ ಗ್ಯೊಂಗ್‌ಹ್ವೆರು ಮಂಟಪ. ಬಹುತೇಕರು ಇಲ್ಲಿಂದ ಹಿಂದಿರುಗುತ್ತಾರೆ. ನೀವು ಹಿಂಬದಿಯ ಗೊನ್‌ಚೊಂಗ್‌ಗುಂಗ್‌ವರೆಗೆ ನಡೆಯಿರಿ. ಬಣ್ಣವಿಲ್ಲದ ಸಾದಾ ಮರದ ಮನೆ. ಕೊರಿಯಾದಲ್ಲಿ ಮೊದಲ ವಿದ್ಯುತ್ ದೀಪ 1887ರಲ್ಲಿ ಹೊತ್ತಿದ್ದು ಇಲ್ಲಿ, 1895ರಲ್ಲಿ ರಾಣಿ ಮ್ಯೊಂಗ್‌ಸೊಂಗ್‌ಳನ್ನು ಜಪಾನಿನವರು ಕೊಂದದ್ದೂ ಇಲ್ಲಿ.

ಹೆಜ್ಜೆ 3: ಬುಕ್‌ಚೊನ್, ಆದರೆ ಮೆಲ್ಲಗೆ

ಅರಮನೆಯ ಪೂರ್ವಕ್ಕೆ, ಜಾನಪದ ವಸ್ತುಸಂಗ್ರಹಾಲಯದ ಕಡೆಯಿಂದ ಹೊರಬಿದ್ದರೆ ಏರುಬೀದಿಗಳಲ್ಲಿ ಹೆಂಚಿನ ಮನೆಗಳ ಬುಕ್‌ಚೊನ್. ನೂರಾರು ವರ್ಷ ಹಳೆಯವು ಎಂದು ಮಾರ್ಗದರ್ಶಕರು ಹೇಳಿಯಾರು. ಇಲ್ಲಿನ ಬಹಳಷ್ಟು ಮನೆಗಳು 1920-30ರ ದಶಕದವು. ಜಪಾನಿಯರು ಊರಿನ ಉತ್ತರಕ್ಕೆ ಹಬ್ಬುತ್ತಿದ್ದಾಗ ಜೊಂಗ್ ಸೆಗ್ವೊನ್ ಎಂಬ ಗುತ್ತಿಗೆದಾರ ದೊಡ್ಡ ನಿವೇಶನಗಳನ್ನು ಕೊಂಡು, ತುಂಡು ಮಾಡಿ, ಮಧ್ಯಮ ವರ್ಗದ ಕೊರಿಯನ್ನರಿಗಾಗಿ ಚಿಕ್ಕ ಹಾನೋಕ್‌ಗಳನ್ನು ಕಟ್ಟಿ ಮಾರಿದ. ಕೊರಿಯನ್ ಭಾಷೆಯ ನಿಘಂಟಿಗೆ ದುಡಿಯುತ್ತಿದ್ದ ಸಂಘಕ್ಕೆ ಆಸರೆಯಾದವನೂ ಅವನೇ.

ಈ ಮನೆಗಳಲ್ಲಿ ಈಗಲೂ ಜನ ವಾಸಿಸುತ್ತಾರೆ. ಬಾಗಿಲ ಮುಂದೆ ಸದಾ ಕ್ಯಾಮೆರಾ ಹಿಡಿದ ಗುಂಪು ನಿಂತರೆ ಯಾರಿಗೆ ತಾನೇ ಸಹನೆ ಉಳಿದೀತು. ಕೊನೆಗೆ ಸ್ಥಳೀಯ ಆಡಳಿತ ನಿಯಮ ತಂದಿತು: ಹೆಚ್ಚು ಜನ ಮುಗಿಬೀಳುವ ಕೆಂಪು ವಲಯದಲ್ಲಿ ಪ್ರವಾಸಿಗರಿಗೆ ಬೆಳಿಗ್ಗೆ 10ರಿಂದ ಸಂಜೆ 5ರವರೆಗೆ ಮಾತ್ರ ಪ್ರವೇಶ. 2025ರ ಮಾರ್ಚ್‌ನಿಂದ ಮೀರಿದವರಿಗೆ 1,00,000 ವೋನ್ ದಂಡ. ಬೆಳಗಿನ ಬೆಳಕಿನಲ್ಲಿ ಖಾಲಿ ಬೀದಿಯ ಫೋಟೋ ಬೇಕೆಂದು ಏಳಕ್ಕೆ ಹೋಗಿ ಎನ್ನುವ ಹಳೆಯ ಸಲಹೆಗಳು ಇನ್ನೂ ಓಡಾಡುತ್ತಿವೆ, ಅವನ್ನು ಕೇಳಬೇಡಿ. ಒಬ್ಬರೇ ಇರುವುದು ಇಲ್ಲಿ ಅನುಕೂಲ, ಗಲಾಟೆ ಮಾಡಲು ಜೊತೆಗೆ ಯಾರೂ ಇಲ್ಲ. ಮುಕ್ಕಾಲು ಗಂಟೆ ಸಾಕು.

ಹೆಜ್ಜೆ 4: ಊಟ

ಬುಕ್‌ಚೊನ್ ಇಳಿದು ಅಂಗುಕ್ ನಿಲ್ದಾಣ ದಾಟಿದರೆ ಇನ್ಸಾದೊಂಗ್. ಮಧ್ಯಾಹ್ನ ಎರಡು ಗಂಟೆಗೆ ಮುಂಚೆಯೇ ಊಟಕ್ಕೆ ಕೂತುಬಿಡಿ. ಬಹಳ ಹೋಟೆಲುಗಳು ಮೂರರಿಂದ ಐದರವರೆಗೆ ಅಡುಗೆಮನೆ ಮುಚ್ಚುತ್ತವೆ.

ಒಂಟಿಯಾಗಿ ಬಂದವರಿಗೆ ಎರಡು ತೊಡಕು. ಮೊದಲನೆಯದು, ಕೆಂಡದ ಮೇಲೆ ಮಾಂಸ ಸುಡುವ ಹೋಟೆಲುಗಳಲ್ಲಿ ಕನಿಷ್ಠ ಎರಡು ಪಾಲು ಹೇಳಬೇಕು ಎನ್ನುತ್ತಾರೆ. ಅಂಥಲ್ಲಿಗೆ ಮೊದಲ ದಿನ ಹೋಗಬೇಡಿ. ಬಿಬಿಂಬಾಪ್ (ತರಕಾರಿ ಕಲಸಿ ತಿನ್ನುವ ಅನ್ನ), ಕಲ್‌ಗುಕ್ಸು (ಬಿಸಿ ಸಾರಿನ ಶಾವಿಗೆ), ಗಿಂಬಾಪ್ (ಕಡಲಪಾಚಿಯ ಹಾಳೆಯಲ್ಲಿ ಸುತ್ತಿದ ಅನ್ನ) ಮಾರುವ ಚಿಕ್ಕ ಹೋಟೆಲುಗಳಲ್ಲಿ ಒಬ್ಬರೇ ಉಣ್ಣುವವರು ಎಷ್ಟೋ ಜನ. ಬಾಗಿಲಲ್ಲಿ ಒಂದು ಬೆರಳು ತೋರಿಸಿ 'ಹಾನ್ ಮ್ಯೊಂಗ್ ಇಯೊ' ಎಂದರೆ ಜಾಗ ತೋರಿಸುತ್ತಾರೆ.

ಕೂತ ಮೇಲೆ ಚಮಚ ಎಲ್ಲಿ ಎಂದು ಹುಡುಕಬೇಡಿ, ಮೇಜಿನ ಪಕ್ಕದಲ್ಲಿ ಒಂದು ಡ್ರಾಯರ್ ಇರುತ್ತದೆ. ಎಳೆದರೆ ಲೋಹದ ಚಾಪ್‌ಸ್ಟಿಕ್, ಉದ್ದ ಹಿಡಿಯ ಚಮಚ, ಕಾಗದದ ಕರವಸ್ತ್ರ ಎಲ್ಲ ಅಲ್ಲಿವೆ. ಮೇಜಿನ ಅಂಚಿನ ಗುಂಡಿ ಒತ್ತಿದರೆ ಬಡಿಸುವವರು ಬರುತ್ತಾರೆ. ನೀರು ಬಹಳ ಕಡೆ ನೀವೇ ತಂದುಕೊಳ್ಳಬೇಕು. ಊಟದ ಜೊತೆ ಬರುವ ಚಿಕ್ಕ ಬಟ್ಟಲುಗಳ ಪಲ್ಯ, ಕಿಮ್ಚಿ (ಖಾರ ಬೆರೆಸಿ ಹುಳಿ ಬರಿಸಿದ ಎಲೆಕೋಸು) ಮುಗಿದರೆ ಮತ್ತೆ ಹಾಕಿಸಿಕೊಳ್ಳಬಹುದು, ದುಡ್ಡಿಲ್ಲ. ಬಿಲ್ ಮೇಜಿಗೆ ಬರುತ್ತದೆಂದು ಕಾಯಬೇಡಿ, ಹೊರಡುವಾಗ ಗಲ್ಲಾದಲ್ಲಿ ಕೊಡುವುದು. ಟಿಪ್ಸ್ ಪದ್ಧತಿ ಇಲ್ಲ.

ಎರಡನೆಯ ತೊಡಕು ಸಸ್ಯಾಹಾರಿಗಳದ್ದು, ಇದನ್ನು ಸ್ವಲ್ಪ ಬಿಡಿಸಿಯೇ ಹೇಳಬೇಕು. 'ಮಾಂಸ ಬೇಡ' ಎಂದರೆ ಅಲ್ಲಿ ಕಣ್ಣಿಗೆ ಕಾಣುವ ಮಾಂಸದ ತುಂಡು ಬೇಡ ಎಂದಷ್ಟೇ ಹಲವರು ತಿಳಿಯುತ್ತಾರೆ. ಸಾರಿಗೆ ಒಣಮೀನಿನ ಕಷಾಯ, ಕಿಮ್ಚಿಗೆ ಮೀನಿನ ಸಾಸ್ ಇಲ್ಲವೇ ಉಪ್ಪಿಗೆ ಹಾಕಿದ ಸೀಗಡಿ, ಗಿಂಬಾಪ್ ಒಳಗೆ ಹ್ಯಾಮ್ ಇಲ್ಲವೇ ಮೀನಿನ ಹಿಟ್ಟಿನ ಪಟ್ಟಿ, ಬಿಬಿಂಬಾಪ್ ಮೇಲೆ ಮೊಟ್ಟೆ. ಆದ್ದರಿಂದ ಮಾಂಸ, ಮೀನು, ಸೀಗಡಿ, ಒಣಮೀನಿನ ಸಾರು, ಮೀನಿನ ಸಾಸ್, ಬೇಡವಾದರೆ ಮೊಟ್ಟೆ, ಇಷ್ಟನ್ನೂ ಹೆಸರಿಸಿ ಪಾಪಾಗೋದಲ್ಲಿ ಕೊರಿಯನ್‌ಗೆ ತಿರುಗಿಸಿ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಮಾತಿನಲ್ಲಿ ಹೇಳುವುದಾದರೆ 'ಗೊಗಿ ಪ್ಪೆ ಜುಸೆಯೊ', ಮಾಂಸ ತೆಗೆದು ಕೊಡಿ ಎಂದು. ಬಿಬಿಂಬಾಪ್‌ಗೆ ಇದು ಸಾಕಾಗಬಹುದು. ಜೊತೆಗೆ ಕೊಡುವ ಬಟ್ಟಲಿನ ಸಾರನ್ನು ಪಕ್ಕಕ್ಕಿಡಿ.

ಬೇಸಿಗೆಯಲ್ಲಿ ಹೋಗಿದ್ದರೆ ಕೊಂಗ್‌ಗುಕ್ಸು ಕೇಳಿ: ಸೋಯಾ ಕಾಳು ರುಬ್ಬಿದ ತಣ್ಣನೆ ಹಾಲಿನಲ್ಲಿ ಶಾವಿಗೆ, ಮೇಲೆ ಸೌತೆಕಾಯಿ. ಉಪ್ಪು ನಾವೇ ಹಾಕಿಕೊಳ್ಳಬೇಕು. ಮೊದಲ ತುತ್ತಿಗೆ ಸಪ್ಪೆ ಎನಿಸಿದರೂ ಬಿಸಿಲಿಗೆ ಹಿತ. ದುಡ್ಡಿನ ಚಿಂತೆ ಇಲ್ಲದಿದ್ದರೆ ಜೋಗ್ಯೆಸಾ ದೇವಾಲಯದ ಎದುರಿನ ಬಾಲ್ವು ಗೊಂಗ್ಯಾಂಗ್‌ನಲ್ಲಿ ಮೊದಲೇ ಕಾದಿರಿಸಿ. ಬೌದ್ಧರ ಜೋಗ್ಯೆ ಪಂಥವೇ ನಡೆಸುವ ಊಟದ ಮನೆ, ಮಾಂಸ ಮೀನು ಮಾತ್ರವಲ್ಲ ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ನಮ್ಮಲ್ಲಿ ಮಡಿ ಅಡುಗೆ ಉಂಡು ಬೆಳೆದವರಿಗೆ ಇದು ಹೊಸದಲ್ಲ. ಒಂದು ಊಟಕ್ಕೆ ಮೂವತ್ತು ಸಾವಿರ ವೋನ್‌ಗೂ ಮೇಲಾಗುತ್ತದೆ.

ಇನ್ನು ಚಟ್ನಿಪುಡಿಯ ಮಾತು. ದಿನಸಿ ಅಂಗಡಿಗಳಲ್ಲಿ ಹೆಟ್ಬಾನ್ ಎಂಬ ಬೆಂದ ಅನ್ನದ ಡಬ್ಬಿ ಸಿಗುತ್ತದೆ. ಮುಚ್ಚಳ ತುಸು ಬಿಚ್ಚಿ ಅಂಗಡಿಯ ಮೈಕ್ರೋವೇವ್‌ನಲ್ಲೇ ಎರಡು ನಿಮಿಷ ಇಟ್ಟರೆ ಹೊಗೆಯಾಡುವ ಅನ್ನ. ಕಿಟಕಿ ಪಕ್ಕದ ಎತ್ತರದ ಕಟ್ಟೆಯಲ್ಲಿ ಒಬ್ಬೊಬ್ಬರೇ ಕೂತು ಉಣ್ಣುವ ವಿದ್ಯಾರ್ಥಿಗಳ ನಡುವೆ ನೀವೂ ಚಟ್ನಿಪುಡಿ ಕಲಸಿಕೊಂಡು ಉಣ್ಣಬಹುದು. ಅನ್ನ ಸ್ವಲ್ಪ ಅಂಟಂಟು, ಉದುರುದುರು ಆಗದು. ಸುಟ್ಟ ಸಿಹಿಗೆಣಸು, ಬಾಳೆಹಣ್ಣು, ಸೋಯಾ ಹಾಲು ಕೂಡ ಅಲ್ಲೇ. ಬೆಳಗಿನ ತಿಂಡಿಯೂ ರಾತ್ರಿ ಊಟವೂ ಇದರಲ್ಲಿ ಮುಗಿದರೆ ಮಧ್ಯಾಹ್ನ ಒಂದು ಹೊತ್ತು ಹುಡುಕಿದರಾಯಿತು.

ಹೆಜ್ಜೆ 5: ದೇವಾಲಯ, ಹಳ್ಳ

ಊಟದ ನಂತರ ಜೋಗ್ಯೆಸಾದಲ್ಲಿ ಅರ್ಧ ಗಂಟೆ ಕೂರಿ. ಪ್ರವೇಶಕ್ಕೆ ದುಡ್ಡಿಲ್ಲ. ಮುಖ್ಯ ಮಂಟಪದಲ್ಲಿ ಮೂರು ದೊಡ್ಡ ಬುದ್ಧರು, ಪಕ್ಕದ ಬಾಗಿಲಿಂದ ಚಪ್ಪಲಿ ಬಿಟ್ಟು ಒಳಹೋಗಬೇಕು. ಕಾಲಿಗೆ ಬಿಡುವು ಸಿಗುತ್ತದೆ.

ಈ ಜೊಂಗ್ನೊ ಬೀದಿಗಳಲ್ಲಿ ಒಂಟಿ ಪ್ರವಾಸಿಗರಿಗೆ ಎದುರಾಗುವ ಒಂದು ಸಂಗತಿ ಇದೆ. ನಗುಮೊಗದ ಇಬ್ಬರು, ಸಾಮಾನ್ಯವಾಗಿ ಜೋಡಿಯಾಗಿಯೇ, ಬಂದು ಮಾತಾಡಿಸುತ್ತಾರೆ. ಯಾವ ದೇಶ, ಮುಖದಲ್ಲಿ ಒಳ್ಳೆಯ ಕಳೆ ಇದೆ, ಕೊರಿಯಾದ ಸಾಂಪ್ರದಾಯಿಕ ವಿಧಿ ನೋಡುತ್ತೀರಾ ಎಂದು. ಜೊತೆಗೆ ಹೋದರೆ ಹಾನ್‌ಬೊಕ್ ಉಡಿಸಿ ಪೂಜೆ ಮಾಡಿಸಿ ಕಾಣಿಕೆ ಕೇಳುತ್ತಾರೆ. ಸಿಯೋಲ್‌ನವರಿಗೆಲ್ಲ ಇವರು ಪರಿಚಿತರೇ, ಅವರು ನಿಲ್ಲದೆ ನಡೆದುಬಿಡುತ್ತಾರೆ. ನೀವೂ ಹಾಗೇ ಮಾಡಿ. ನಿಜವಾಗಿ ಸಹಾಯ ಮಾಡುವವರು ನೀವು ನಕ್ಷೆ ಹಿಡಿದು ನಿಂತಾಗ ದಾರಿ ತೋರಿಸಿ ತಮ್ಮ ಪಾಡಿಗೆ ಹೋಗುತ್ತಾರೆ.

ದಕ್ಷಿಣಕ್ಕೆ ಐದ್ಹತ್ತು ನಿಮಿಷ ನಡೆದರೆ ಚೊಂಗ್‌ಗ್ಯೆಚೊನ್. ರಸ್ತೆ ಮಟ್ಟದಿಂದ ಮೆಟ್ಟಿಲಿಳಿದು ಹಳ್ಳದ ದಡಕ್ಕೆ ಬರಬೇಕು, ವಾಹನಗಳ ಸದ್ದು ಅಲ್ಲೇ ಅರ್ಧವಾಗುತ್ತದೆ. ಕೊಳೆತು ನಾರುತ್ತಿದ್ದ ಈ ಹಳ್ಳವನ್ನು ಹಿಂದೆ ಕಾಂಕ್ರೀಟಿನಿಂದ ಮುಚ್ಚಿ ಮೇಲೆ ಎತ್ತರದ ಹೆದ್ದಾರಿ ಕಟ್ಟಿದ್ದರು. 2003ರಲ್ಲಿ ಆಗಿನ ಮೇಯರ್, ಮುಂದೆ ರಾಷ್ಟ್ರಾಧ್ಯಕ್ಷನಾದ ಲೀ ಮ್ಯುಂಗ್‌ಬಾಕ್, ಹೆದ್ದಾರಿಯನ್ನೇ ಕೆಡವಿಸಿ ಹಳ್ಳವನ್ನು ತೆರೆಸಿದ. 2005ರ ಅಕ್ಟೋಬರ್‌ನಲ್ಲಿ 5.8 ಕಿಲೋಮೀಟರ್ ಉದ್ದದ ನೀರಿನ ಹಾದಿ ಜನರಿಗೆ ಸಿಕ್ಕಿತು. ಬೆಂಗಳೂರಿನ ರಾಜಕಾಲುವೆಗಳ ಪಕ್ಕದಲ್ಲಿ ಮೂಗು ಮುಚ್ಚಿಕೊಂಡು ಓಡಾಡುವವರಿಗೆ ಇಲ್ಲಿ ಹೊಟ್ಟೆ ಉರಿಯುವುದು ಸಹಜ. ಆದರೆ ಇದು ತಾನಾಗಿ ಹರಿಯುವ ನೀರಲ್ಲ, ಬಹುಪಾಲು ಹಾನ್ ನದಿಯಿಂದ ಪಂಪು ಹಾಕಿ ತಂದು ಬಿಡುವುದು. ಅದರ ವಿದ್ಯುತ್ ಖರ್ಚನ್ನು ಅಲ್ಲಿನ ಪರಿಸರವಾದಿಗಳೇ ಟೀಕಿಸುತ್ತಾರೆ.

ಹಳ್ಳದ ಗುಂಟ ಪೂರ್ವಕ್ಕೆ ನಡೆಯುತ್ತಿರಿ. ದಾರಿ ತಪ್ಪುವ ಪ್ರಶ್ನೆಯೇ ಇಲ್ಲ. ನಡುನಡುವೆ ದಾಟುಗಲ್ಲುಗಳಿವೆ. ಜೋರು ಮಳೆ ಬಂದರೆ ಮಾತ್ರ ಮೇಲೆ ಬಂದುಬಿಡಿ, ನೀರು ಬೇಗ ಏರುವುದರಿಂದ ಕಾವಲಿನವರು ಹಾದಿ ಮುಚ್ಚುತ್ತಾರೆ.

ಹೆಜ್ಜೆ 6: ಗ್ವಾಂಗ್‌ಜಾಂಗ್ ಮಾರುಕಟ್ಟೆ

ಇಲ್ಲೊಂದು ಕವಲು. ಡಿಸೆಂಬರ್‌ನಲ್ಲಿ ಸೂರ್ಯ ಐದೂಕಾಲರ ಸುಮಾರಿಗೇ ಮುಳುಗುತ್ತಾನೆ, ಜೂನ್‌ನಲ್ಲಿ ಎಂಟರ ಹತ್ತಿರ. ಚಳಿಗಾಲವಾದರೆ ಮೊದಲು ಏಳನೇ ಹೆಜ್ಜೆಯ ಗುಡ್ಡ ಹತ್ತಿ, ಆಮೇಲೆ ಮಾರುಕಟ್ಟೆಗೆ ಬನ್ನಿ. ಬೇಸಿಗೆಯಾದರೆ ಇದೇ ಕ್ರಮ.

1905ರಿಂದ ನಡೆಯುತ್ತಿರುವ ಮಾರುಕಟ್ಟೆ ಇದು. ಮೇಲಂತಸ್ತಿನಲ್ಲಿ ಬಟ್ಟೆ, ಕೆಳಗೆ ನಡುದಾರಿಯುದ್ದಕ್ಕೂ ತಿನಿಸು. ಪ್ರತಿ ಅಂಗಡಿಯ ಮುಂದೆ ಒಂದು ಉದ್ದ ಬೆಂಚು, ಇಬ್ಬರ ನಡುವೆ ಸಂದಿ ಮಾಡಿಕೊಂಡು ಕೂರುವುದು. ಒಬ್ಬರೇ ಬಂದವರಿಗೆ ಇದಕ್ಕಿಂತ ಒಳ್ಳೆಯ ಜಾಗವಿಲ್ಲ, ಬೇಗ ಜಾಗ ಸಿಗುತ್ತದೆ. ಚಳಿಗಾಲದಲ್ಲಿ ಬೆಂಚಿನಡಿ ಬೆಚ್ಚಗೆ ಮಾಡಿರುತ್ತಾರೆ. ಅಂಗಡಿಯಾಕೆಯನ್ನು 'ಇಮೊ' ಎಂದು ಕರೆಯುತ್ತಾರೆ, ಚಿಕ್ಕಮ್ಮ ದೊಡ್ಡಮ್ಮ ಅಂದ ಹಾಗೆ. ಕೂರುವ ಮುಂಚೆ ಫಲಕದ ಬೆಲೆ ತೋರಿಸಿ 'ಇಗೊ ಜುಸೆಯೊ', ಇದು ಕೊಡಿ, ಎನ್ನಿ. ಯಾವ ತಟ್ಟೆ, ಎಷ್ಟು ಎಂಬುದು ಮೊದಲೇ ಖಚಿತವಾದರೆ ಕೊನೆಯಲ್ಲಿ ಚರ್ಚೆ ಇರುವುದಿಲ್ಲ.

ಇಲ್ಲಿನ ಹೆಸರಾಂತ ತಿಂಡಿ ಬಿಂದೆತ್ತೊಕ್. ನೆನೆಹಾಕಿದ ಹೆಸರುಬೇಳೆಯನ್ನು ಕಣ್ಣೆದುರೇ ಯಂತ್ರದ ಬೀಸುಕಲ್ಲಿನಲ್ಲಿ ರುಬ್ಬಿ, ಮೊಳಕೆ ಕಾಳು ಸೇರಿಸಿ, ಅಗಲ ಕಾವಲಿಯಲ್ಲಿ ಎಣ್ಣೆ ಸುರಿದು ದಪ್ಪಗೆ ಹುಯ್ಯುತ್ತಾರೆ. ಅಂಚು ಗರಿಗರಿ, ಒಳಗೆ ಮೆತ್ತಗೆ. ಹೆಸರುಬೇಳೆ ಎಂದ ಕೂಡಲೇ ಸಸ್ಯಾಹಾರ ಎಂದು ನಂಬಬೇಡಿ. ಹಿಟ್ಟಿಗೆ ಹಂದಿಮಾಂಸ ಇಲ್ಲವೇ ಕಿಮ್ಚಿ ಸೇರಿಸಿರುವುದು ಸಾಮಾನ್ಯ, ಕೇಳಿಯೇ ತಿನ್ನಿ. ಕಟ್ಟುನಿಟ್ಟಿನವರು ಹೊತ್ತೊಕ್‌ಗೆ ಹೋಗಬಹುದು, ಒಳಗೆ ಕಂದು ಸಕ್ಕರೆ, ದಾಲ್ಚಿನ್ನಿ ತುಂಬಿ ಎಣ್ಣೆಯಲ್ಲಿ ಬೇಯಿಸಿದ ರೊಟ್ಟಿ. ಹೂರಣದ ಪಾಕ ನಾಲಿಗೆ ಸುಡುತ್ತದೆ, ಒಂದು ನಿಮಿಷ ತಾಳಿ. ಮಾಂಸ ತಿನ್ನುವವರಿಗಂತೂ ಇಲ್ಲಿ ಇಡೀ ಸಂಜೆ ಸಾಲದು. ಕಪ್ಪಗೆ ದುಂಡಗೆ ಕತ್ತರಿಸಿಟ್ಟ ಸುಂದೆ ಎಂಬುದು ಪ್ರಾಣಿಯ ಕರುಳಿನಲ್ಲಿ ರಕ್ತ, ಶಾವಿಗೆ ತುಂಬಿದ್ದು ಎಂಬುದಷ್ಟು ತಿಳಿದಿರಲಿ.

ಹೆಜ್ಜೆ 7: ಕೋಟೆ ಗೋಡೆಯ ಮೇಲೆ ಸಂಜೆ

ಎಲ್ಲರೂ ಸಂಜೆಗೆ ನಮ್ಸಾನ್ ಗೋಪುರ ಹೇಳುತ್ತಾರೆ. ಕೇಬಲ್ ಕಾರ್ ಸಾಲು, ಜೋಡಿಗಳು ಕಟ್ಟಿದ ಬೀಗಗಳ ರಾಶಿ. ಒಬ್ಬರೇ ಹೋದವರಿಗೆ ಅದರಲ್ಲೇನಿದೆಯೋ ನನಗಂತೂ ಕಾಣದು. ಅದರ ಬದಲು ನಕ್ಸಾನ್ ಗುಡ್ಡ ಹತ್ತಿ.

ಮಾರುಕಟ್ಟೆಯಿಂದ ಪೂರ್ವಕ್ಕೆ ಒಂದು ಕಿಲೋಮೀಟರ್ ನಡೆದರೆ ಹುಂಗಿನ್‌ಜಿಮುನ್, ಜನರ ಬಾಯಲ್ಲಿ ದೊಂಗ್‌ದೇಮುನ್, ಪೂರ್ವದ ಮಹಾದ್ವಾರ. ಈಗಿನ ಕಟ್ಟಡ 1869ರದ್ದು. ಬಾಗಿಲ ಮುಂದೆ ಅರ್ಧಚಂದ್ರದ ಇನ್ನೊಂದು ಗೋಡೆ ಬಳಸಿರುವುದು ಊರಿನ ಮಹಾದ್ವಾರಗಳಲ್ಲಿ ಇದಕ್ಕೆ ಮಾತ್ರ. ರಸ್ತೆಯ ಉತ್ತರಕ್ಕೆ ಗೋಡೆ ಮತ್ತೆ ಶುರುವಾಗಿ ಗುಡ್ಡ ಏರುತ್ತದೆ. 1396ರಲ್ಲಿ ಕಟ್ಟಿದ ಈ ಕೋಟೆಯ ಸುತ್ತಳತೆ 18.6 ಕಿಲೋಮೀಟರ್. ನಿಮಗೆ ಬೇಕಾದ್ದು ಅದರ ಒಂದು ತುಣುಕು ಮಾತ್ರ. ಗುಡ್ಡ 125 ಮೀಟರ್ ಆಸುಪಾಸು, ಅರ್ಧ ಗಂಟೆಯ ಏರು, ಟಿಕೆಟ್ ಇಲ್ಲ.

ಹತ್ತುವಾಗ ಗೋಡೆಯ ಹೊರಬದಿಯಲ್ಲಿ ನಡೆಯಿರಿ, ಕಲ್ಲು ಕಾಣುವುದು ಅಲ್ಲಿಂದಲೇ. ಕೆಳಸಾಲಿನಲ್ಲಿ ಅಂಚು ಸವೆದು ಜೋಳದ ಕಾಳಿನಾಕಾರ ತಾಳಿದ ಚಿಕ್ಕ ಕಲ್ಲುಗಳು ಸೆಜೊಂಗ್ ಕಾಲದವು, 1422ರ ದುರಸ್ತಿ. ಅದರ ಮೇಲೆ ಒಂದೂವರೆ ಅಡಿಯ ಚೌಕ ಕಲ್ಲುಗಳು 1704ರ ಆಚೀಚಿನವು. ಎರಡಡಿಯ ದೊಡ್ಡವು 1800ರ ನಂತರದ್ದು. ತೀರಾ ಬಿಳಿಚಿಕೊಂಡವು ನಮ್ಮ ಕಾಲದ ತೇಪೆ. ಬುಡದ ಹತ್ತಿರ ಕೆಲವು ಕಲ್ಲುಗಳ ಮೇಲೆ ಬರಹವಿದೆ: ಈ ಭಾಗವನ್ನು ಯಾವ ಊರಿನವರು ಕಟ್ಟಿದರು, ಮೇಸ್ತ್ರಿ ಯಾರು ಎಂದು. ಗೋಡೆ ಕುಸಿದರೆ ಅವರನ್ನೇ ಕರೆಸಿ ಮತ್ತೆ ಕಟ್ಟಿಸುತ್ತಿದ್ದರು. ನಮ್ಮ ರಸ್ತೆ ಗುತ್ತಿಗೆದಾರರಿಗೆ ಈ ಪದ್ಧತಿ ತಂದರೆ ಹೇಗಿರುತ್ತದೆ ಎಂದು ಯೋಚಿಸುತ್ತ ಹತ್ತಬಹುದು.

ಮೇಲೆ ನಿಂತರೆ ಬೆಳಿಗ್ಗೆಯಿಂದ ನಡೆದ ಊರೆಲ್ಲ ಪಶ್ಚಿಮಕ್ಕೆ ಹರಡಿರುತ್ತದೆ. ಕತ್ತಲಾದ ಮೇಲೆ ಗೋಡೆಯುದ್ದಕ್ಕೂ ದೀಪ ಇರುತ್ತದೆ, ಸುತ್ತಲಿನ ಮನೆಯವರು ನಾಯಿ ಕರೆದುಕೊಂಡು ಓಡಾಡುತ್ತಾರೆ. ಒಬ್ಬಳೇ ಹೆಣ್ಣುಮಗಳು ಇಲ್ಲಿ ನಡೆಯುವುದು ಯಾರಿಗೂ ವಿಶೇಷವಲ್ಲ. ಇಳಿಯಲು ಇನ್ನೊಂದು ಬದಿಯ ಹ್ಯೆಹ್ವಾ ನಿಲ್ದಾಣ ಹಿಡಿಯಿರಿ, 4ನೇ ಲೈನ್. ಮುಂದಿನ ನಿಲ್ದಾಣ ದೊಂಗ್‌ದೇಮುನ್‌ನಲ್ಲಿ 1ನೇ ಲೈನ್‌ಗೆ ಬದಲಿಸಿದರೆ ಎರಡೇ ನಿಲ್ದಾಣಕ್ಕೆ ಜೊಂಗ್ನೊ 3-ಗಾ. ಮೆಟ್ರೋ ನಡುರಾತ್ರಿಯ ಸುಮಾರಿಗೆ ನಿಲ್ಲುತ್ತದೆ, ತಡವಾದರೆ ಉಬರ್‌ನಲ್ಲಿ ಟ್ಯಾಕ್ಸಿ ಕರೆಯಬಹುದು.

ಕೈಬರಹದಲ್ಲಿ ಇಟ್ಟುಕೊಳ್ಳಬೇಕಾದ್ದು

ಫೋನ್ ಬ್ಯಾಟರಿ ಮುಗಿಯುವುದು ಬೇಕಾದ ಹೊತ್ತಿನಲ್ಲೇ. ಒಂದು ಚೀಟಿಯಲ್ಲಿ ಬರೆದಿಡಿ: ಪೊಲೀಸ್ 112, ಆಂಬ್ಯುಲೆನ್ಸ್ ಮತ್ತು ಅಗ್ನಿಶಾಮಕ 119, ಪ್ರವಾಸಿಗರಿಗೆ ಇಂಗ್ಲಿಷ್‌ನಲ್ಲೂ ಉತ್ತರಿಸುವ 24 ಗಂಟೆಯ ಸಹಾಯವಾಣಿ 1330. ಕೋಣೆಯ ವಿಳಾಸ ಕೊರಿಯನ್ ಲಿಪಿಯಲ್ಲಿರಲಿ, ಟ್ಯಾಕ್ಸಿಯವರಿಗೆ ತೋರಿಸಲು. ಭಾರತದ ರಾಯಭಾರ ಕಚೇರಿ ಇರುವುದು ಯೊಂಗ್‌ಸಾನ್‌ನ ಹನ್ನಮ್‌ದೊಂಗ್‌ನಲ್ಲಿ. ಬೀದಿಯಲ್ಲಿ ಕಸದ ಬುಟ್ಟಿ ಅಪರೂಪ, ಬ್ಯಾಗಿನಲ್ಲೊಂದು ಪ್ಲಾಸ್ಟಿಕ್ ಚೀಲ ಇರಲಿ. ಮೆಟ್ರೋ ನಿಲ್ದಾಣಗಳ ಶೌಚಾಲಯ ಉಚಿತ, ಶುಚಿ.

ಮಲಗುವ ಮುಂಚೆ ಟಿ-ಮನಿಯಲ್ಲಿ ಎಷ್ಟು ಉಳಿದಿದೆ ನೋಡಿ, ನಾಳೆಯದನ್ನು ಯೋಚಿಸಿ. ಎರಡನೆಯ ದಿನಕ್ಕೆ ನಾನು ಯೊಂಗ್‌ಸಾನ್‌ನ ಯುದ್ಧ ಸ್ಮಾರಕವನ್ನು ಸೂಚಿಸುತ್ತೇನೆ, ಸಮ್ಗಾಕ್ಜಿ ನಿಲ್ದಾಣದ ಪಕ್ಕ. ಪ್ರವೇಶ ಉಚಿತ, ಸೋಮವಾರ ರಜೆ. ಕೊರಿಯಾ ಯುದ್ಧಕ್ಕೆ ಭಾರತ ಸೈನಿಕರ ಬದಲು 60ನೇ ಪ್ಯಾರಾಶೂಟ್ ಫೀಲ್ಡ್ ಆಂಬ್ಯುಲೆನ್ಸ್ ಎಂಬ ವೈದ್ಯಕೀಯ ತುಕಡಿ ಕಳಿಸಿತ್ತು. ಕದನವಿರಾಮದ ನಂತರ 1953-54ರಲ್ಲಿ, ಊರಿಗೆ ಮರಳಲೊಪ್ಪದ ಯುದ್ಧಕೈದಿಗಳ ಹಣೆಬರಹ ತೀರ್ಮಾನಿಸಿದ ತಟಸ್ಥ ರಾಷ್ಟ್ರಗಳ ಆಯೋಗದ ಅಧ್ಯಕ್ಷರಾಗಿದ್ದವರು ನಮ್ಮ ಕೊಡಗಿನ ಕೆ.ಎಸ್. ತಿಮ್ಮಯ್ಯ. ಸ್ಮಾರಕಕ್ಕೆ ಕನಿಷ್ಠ ಮೂರು ಗಂಟೆ ಇಟ್ಟುಕೊಳ್ಳಿ. ಅಲ್ಲಿಂದ ಮುಂದೆ ಬೇಕಿದ್ದರೆ ಹಾನ್ ನದಿ ದಾಟಬಹುದು.